ಮೂಲೆಯಲ್ಲಿ ಮುರಿಯುವ ಒತ್ತಡ: ‘ಡ್ವಾರ್ಫ್ ಫೋರ್ಟ್ರೆಸ್’ ಆಟದ ಕಾಲುವೆಗಳಲ್ಲಿ ದ್ರವದ ನಡೆ

ನೆಲದ ಮೇಲೆ ಹೊಳೆ. ಹೊಳೆಗಿಂತ ಏಳೆಂಟು ಅಂತಸ್ತು ಕೆಳಗೆ, ಬಂಡೆಯೊಳಗೆ ಕೊರೆದ ಊಟದ ಹಜಾರ. ಹೊಳೆಯ ನೀರನ್ನು ಒಂದು ನೇರ ಕೊಳವೆಯಲ್ಲಿ ಇಳಿಸಿ, ಹಜಾರದ ಅಡಿಯಲ್ಲಿ ತೊಟ್ಟಿ ತುಂಬಿಸಿ, ಅದರ ಮೇಲೆ ಬಾವಿ ಕಟ್ಟಿದರೆ ಏನಾಗುತ್ತದೆ? ‘ಡ್ವಾರ್ಫ್ ಫೋರ್ಟ್ರೆಸ್’ ಆಟದಲ್ಲಿ ಇದಕ್ಕೆ ಖಚಿತವಾದ ಉತ್ತರವಿದೆ. ತೊಟ್ಟಿ ತುಂಬಿದ ಕೂಡಲೇ ನೀರು ಬಾವಿಯ ಬಾಯಿಂದ ಉಕ್ಕುತ್ತದೆ. ಹಜಾರ, ಮಲಗುವ ಕೋಣೆ, ಮೆಟ್ಟಿಲುಗಳನ್ನೆಲ್ಲ ಮುಳುಗಿಸುತ್ತ ಹೊಳೆಯ ಮಟ್ಟ ಮುಟ್ಟುವವರೆಗೂ ಏರುತ್ತದೆ. ಆದರೆ ತೊಟ್ಟಿಗೆ ನೀರು ಸೇರುವ ಸುರಂಗವನ್ನು ಒಂದೇ ಒಂದು ಕಡೆ, ನೇರವಾಗಿ ಅಲ್ಲದೆ, ಎರಡು ಚೌಕಗಳು ಮೂಲೆಯಿಂದ ಮೂಲೆಗೆ ಮಾತ್ರ ತಾಗುವಂತೆ ಕೊರೆದರೆ ನೀರು ತೊಟ್ಟಿಯನ್ನು ತುಂಬಿ ಅಲ್ಲಿಗೇ ನಿಲ್ಲುತ್ತದೆ. ಅಡ್ಡಗೋಡೆ ಬೇಡ, ತೂಬು ಬೇಡ, ಯಂತ್ರ ಬೇಡ. ಸುರಂಗದ ಆಕಾರವೊಂದೇ ಕೋಟೆಯನ್ನು ಉಳಿಸುತ್ತದೆ.

ಈ ಮೂಲೆಯ ಗುಣವನ್ನು ಆಟದ ಕುಂದೆಂದು ಬದಿಗಿಡುವುದು ಸುಲಭ. ನಿಜವಾದ ನೀರು ಹಾಗೆ ನಡೆದುಕೊಳ್ಳುವುದಿಲ್ಲ ಎಂಬುದೂ ಸತ್ಯ. ಆದರೆ ಈ ಆಟದ ಜಲವಿದ್ಯೆಯ ತಿರುಳು ಇರುವುದು ಅಲ್ಲಿಯೇ ಎಂಬುದು ಪ್ರಸ್ತುತ ಲೇಖನದ ವಾದ. ಇಲ್ಲಿ ಒತ್ತಡ ಎಂಬುದು ನೀರಿನೊಳಗೆ ಶೇಖರವಾಗಿರುವ ಬಲವಲ್ಲ. ನೀರಿಗೆ ಜಾಗ ಹುಡುಕುವ ಒಂದು ಲೆಕ್ಕಾಚಾರ. ಆ ಹುಡುಕಾಟ ಯಾವ ದಾರಿಗಳನ್ನು ಒಪ್ಪುತ್ತದೆ, ಯಾವುದನ್ನು ಒಪ್ಪುವುದಿಲ್ಲ ಎಂಬುದನ್ನು ಅರಿತವನೇ ಇಲ್ಲಿನ ಜಲಶಿಲ್ಪಿ. ಹಾಗಾಗಿ ಇಲ್ಲಿ ನೀರನ್ನು ಆಳುವುದೆಂದರೆ ಬಲವನ್ನು ತಡೆಯುವುದಲ್ಲ, ದಾರಿಯ ಜ್ಯಾಮಿತಿಯನ್ನು ತಿದ್ದುವುದು.

ಎಣಿಕೆಯ ನೀರು

ಆಟದ ಹಿನ್ನೆಲೆಯನ್ನು ಚಿಕ್ಕದಾಗಿ ಹೇಳಿ ಮುಂದುವರಿಯುತ್ತೇನೆ. ಅಮೆರಿಕದ ಸಹೋದರರಾದ ಟಾರ್ನ್ ಆಡಮ್ಸ್ ಮತ್ತು ಜ್ಯಾಕ್ ಆಡಮ್ಸ್ ಇದರ ಕೆಲಸ ಆರಂಭಿಸಿದ್ದು 2002ರಲ್ಲಿ. ಮೊದಲ ಆವೃತ್ತಿ ಸಾರ್ವಜನಿಕರಿಗೆ ಸಿಕ್ಕಿದ್ದು 2006ರ ಆಗಸ್ಟಿನಲ್ಲಿ. ಆಟಗಾರ ಕುಬ್ಜರ ಒಂದು ಚಿಕ್ಕ ತಂಡವನ್ನು ಬೆಟ್ಟದ ಬುಡಕ್ಕೆ ಕರೆತಂದು, ಬಂಡೆ ಕೊರೆಸಿ, ಬೆಳೆ ಬೆಳೆಸಿ, ಕೋಟೆ ಕಟ್ಟಿಸಬೇಕು. ಆರಂಭದ ಆವೃತ್ತಿ ಒಂದೇ ಸಮತಲದ್ದು. 2007ರ ಅಕ್ಟೋಬರಿನಲ್ಲಿ ಅಂತಸ್ತುಗಳು ಬಂದವು. ನೀರಿಗೆ ಮೇಲು ಕೆಳಗು ದಕ್ಕಿದ್ದು ಆಗ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 2012ರಲ್ಲಿ ತನ್ನ ಸಂಗ್ರಹಕ್ಕೆ ಆರಿಸಿಕೊಂಡ ಮೊದಲ ಹದಿನಾಲ್ಕು ವಿಡಿಯೋ ಆಟಗಳಲ್ಲಿ ಇದೂ ಒಂದು. ಚಿತ್ರರೂಪದ ಆವೃತ್ತಿಯನ್ನು ಕಿಟ್‌ಫಾಕ್ಸ್ ಗೇಮ್ಸ್ ಸಂಸ್ಥೆ 2022ರ ಡಿಸೆಂಬರ್ 6ರಂದು ಪ್ರಕಟಿಸಿತು. ಅಲ್ಲಿಯವರೆಗೆ ಆಟದ ಲೋಕವೆಲ್ಲ ಅಕ್ಷರ, ಅಂಕಿ, ಚಿಹ್ನೆಗಳಲ್ಲೇ ಮೂಡುತ್ತಿತ್ತು.

ಆ ಅಂಕಿಗಳೇ ನಮ್ಮ ವಿಷಯಕ್ಕೆ ಬಾಗಿಲು. ಲೋಕವನ್ನು ಇಲ್ಲಿ ಚೌಕಗಳಾಗಿ ಒಡೆಯಲಾಗಿದೆ. ಪ್ರತಿ ಚೌಕದಲ್ಲಿ ನೀರು 0ಯಿಂದ 7ರವರೆಗಿನ ಒಂದು ಪೂರ್ಣಾಂಕ. ಮೂರೂವರೆ ಎಂಬುದಿಲ್ಲ, ವೇಗವೆಂಬುದನ್ನು ಬರೆದಿಟ್ಟ ಕಡತವೂ ಇಲ್ಲ. 7 ಎಂದರೆ ಚೌಕ ತುಂಬಿದೆ. 4 ಮುಟ್ಟಿದ ಮೇಲೆ ಕುಬ್ಜರು ತಾವಾಗಿ ಆ ಚೌಕಕ್ಕೆ ಕಾಲಿಡುವುದಿಲ್ಲ. 1ಕ್ಕೆ ಇಳಿದ ನೀರು ಸ್ವಲ್ಪ ಹೊತ್ತಿನಲ್ಲಿ ಆವಿಯಾಗಿ ಹೋಗುತ್ತದೆ. ಒಂದು ಚೌಕದಲ್ಲಿ ಹೆಚ್ಚು, ಪಕ್ಕದ ಚೌಕದಲ್ಲಿ ಕಡಿಮೆ ಇದ್ದರೆ ಎರಡೂ ಸಮವಾಗುವತ್ತ ಹೊರಳುತ್ತವೆ. ಆವಿಯಾಗುವುದನ್ನೂ, ಅಂತರ್ಜಲ ಪದರದಿಂದ ಒಸರುವುದನ್ನೂ, ನಕ್ಷೆಯ ಅಂಚಿನಿಂದ ಒಳಬರುವುದನ್ನೂ ಹೊರಹೋಗುವುದನ್ನೂ ಬಿಟ್ಟರೆ ನೀರಿನ ಒಟ್ಟು ಮೊತ್ತ ಬದಲಾಗುವುದಿಲ್ಲ. ‘ಮೈನ್‌ಕ್ರಾಫ್ಟ್’ ಆಟದಲ್ಲಿ ಎರಡು ಬಕೆಟ್ ನೀರಿನಿಂದ ಬತ್ತದ ಬಾವಿ ಮಾಡಬಹುದು. ಅಲ್ಲಿ ನೀರು ಒಂದು ಮೂಲದಿಂದ ಹೊರಟ ಚಾಚು ಮಾತ್ರ. ಡ್ವಾರ್ಫ್ ಫೋರ್ಟ್ರೆಸ್‌ನಲ್ಲಿ ನೀರು ಎಣಿಸಿಟ್ಟ ಸರಕು.

ಎಣಿಸಬಹುದಾದ್ದರಿಂದ ಯೋಜಿಸಲೂಬಹುದು. ನೆಲದಡಿಯ ಬೇಸಾಯವನ್ನು ನೋಡೋಣ. ಬರಿಯ ಬಂಡೆಯ ಮೇಲೆ ಬೆಳೆ ಬಾರದು. ಒಮ್ಮೆ ನೀರು ಹರಿದು ಇಂಗಿದರೆ ಕೆಸರು ಉಳಿಯುತ್ತದೆ, ಕೆಸರಿನಲ್ಲಿ ಬಿತ್ತನೆ ಸಾಧ್ಯ. 5×5 ಚೌಕದ ಕೋಣೆಗೆ ಕನಿಷ್ಠ 25 ಘಟಕ ನೀರು ಬೇಕು. ತುಂಬಿದ 4 ಚೌಕದ ತೊಟ್ಟಿಯಲ್ಲಿ 28 ಘಟಕವಿದೆ, ಸಾಕು ಎನಿಸುತ್ತದೆ. ಸಾಲದು. ತೊಟ್ಟಿ ಅದೇ ಅಂತಸ್ತಿನಲ್ಲಿದ್ದರೆ ತೂಬು ತೆರೆದ ಮೇಲೆ ನೀರು ಕೋಣೆಯಲ್ಲಷ್ಟೇ ಹರಡುವುದಿಲ್ಲ. ತೊಟ್ಟಿಯ 4 ಚೌಕ, ತೂಬಿನ 1 ಚೌಕ ಸೇರಿ 30 ಚೌಕಕ್ಕೆ ಹಂಚಿಹೋಗುತ್ತದೆ. ತೊಟ್ಟಿಯನ್ನು 5 ಚೌಕಕ್ಕೆ ಹಿಗ್ಗಿಸಿದರೆ 31 ಚೌಕಕ್ಕೆ 35 ಘಟಕ ಸಿಗುತ್ತದೆ. ಹರಡುವಾಗ ಅಂಚಿನಲ್ಲಿ ಆವಿಯಾಗುವ ನಷ್ಟಕ್ಕೂ ಸ್ವಲ್ಪ ಮಿಗುತ್ತದೆ. ಅಳೆದಿಟ್ಟ ತೊಟ್ಟಿ ಖಾಲಿಯಾದ ಮೇಲೆ ಪ್ರವಾಹಕ್ಕೆ ಏನೂ ಉಳಿಯುವುದಿಲ್ಲ. ನನ್ನ ಮಟ್ಟಿಗೆ ಈ ಆಟದ ಅತ್ಯಂತ ಸುಂದರ ಜಲರಚನೆ ಇದೇ: ಹೊಳೆಗೂ ಹೊಲಕ್ಕೂ ನಡುವೆ ಎರಡು ತೂಬು, ಯಾವ ಕಾಲದಲ್ಲೂ ಒಂದು ಮಾತ್ರ ತೆರೆದಿರುತ್ತದೆ. ಒಳಗೆ ಬರುವ ನೀರು ತೊಟ್ಟಿಯ ಗಾತ್ರವನ್ನು ಮೀರಲಾರದು.

ಒತ್ತಡವೆಂಬ ಹುಡುಕಾಟ

ಪಕ್ಕಕ್ಕೆ ಹರಡುವುದು ನಿಧಾನದ ಕೆಲಸ. ಉದ್ದದ ಸುರಂಗದಲ್ಲಿ ನೀರು ಹೋಗುತ್ತ ಹೋಗುತ್ತ ತೆಳುವಾಗುತ್ತದೆ. ತುದಿ ಮುಟ್ಟುವ ಹೊತ್ತಿಗೆ 1 ಅಥವಾ 2 ಉಳಿದು, ಅದೂ ಆರಿಹೋಗಬಹುದು. ಮೇಲಿನಿಂದ ಬಿದ್ದ ನೀರಿನ ನಡೆಯೇ ಬೇರೆ. ಒಂದು ಚೌಕದ ನೀರು ಮೊದಲು ಕೆಳಗೆ ಜಾಗವಿದೆಯೇ ಎಂದು ನೋಡುತ್ತದೆ, ಇದ್ದರೆ ಬೀಳುತ್ತದೆ. ಕೆಳಗಿನ ಚೌಕ ಆಗಲೇ 7 ಆಗಿದ್ದರೆ ಹುಡುಕಾಟ ಶುರುವಾಗುತ್ತದೆ: ತುಂಬಿದ ಚೌಕದಿಂದ ತುಂಬಿದ ಚೌಕಕ್ಕೆ ದಾಟುತ್ತ, ಎಲ್ಲಿ 7ಕ್ಕಿಂತ ಕಡಿಮೆ ಇದೆಯೋ ಅಲ್ಲಿಗೆ. ಸಿಕ್ಕಿತೆಂದರೆ ಮೇಲಿನ ನೀರು ಅಲ್ಲಿ ಪ್ರತ್ಯಕ್ಷವಾಗುತ್ತದೆ. ನಡುವಿನ ಚೌಕಗಳಲ್ಲಿ ಯಾವ ನೀರೂ ಸರಿದಿಲ್ಲ. ಕೊಳವೆ ಹತ್ತು ಚೌಕ ಉದ್ದವಿರಲಿ ನೂರು ಚೌಕ ಉದ್ದವಿರಲಿ, ತುಂಬಿದ್ದರೆ ಈ ತುದಿಯಲ್ಲಿ ಬಿದ್ದದ್ದು ಆ ತುದಿಯಲ್ಲಿ ತಡವಿಲ್ಲದೆ ಹೊಮ್ಮುತ್ತದೆ. ಹುಡುಕಾಟಕ್ಕೆ ಒಂದು ಮೇಲ್ಮಿತಿ ಇದೆ: ನೀರು ತಾನು ಹೊರಟ ಎತ್ತರವನ್ನು ಮೀರಿ ಏರದು. ಬಿದ್ದ ನೀರಾದರೆ ಹೊರಟ ಅಂತಸ್ತಿನ ಕೆಳಗಿನ ಅಂತಸ್ತಿನವರೆಗೆ ತಳ್ಳಲ್ಪಡುತ್ತದೆ. ನೀರೆತ್ತುವ ಸ್ಕ್ರೂ ಪಂಪಿನಿಂದ ಹೊರಬಿದ್ದದ್ದಾದರೆ ಪಂಪು ಇರುವ ಅಂತಸ್ತಿನವರೆಗೂ.

ಬ್ಲೇಸ್ ಪಾಸ್ಕಲ್ ದ್ರವಗಳ ಸಮತೋಲನದ ಬಗ್ಗೆ ಬರೆದ ಗ್ರಂಥ ಅವನ ಮರಣಾನಂತರ 1663ರಲ್ಲಿ ಅಚ್ಚಾಯಿತು. ಒಂದಕ್ಕೊಂದು ಸೇರಿದ ಪಾತ್ರೆಗಳಲ್ಲಿ ದ್ರವ ಒಂದೇ ಮಟ್ಟಕ್ಕೆ ನಿಲ್ಲುತ್ತದೆ ಎಂಬ ಹಳೆಯ ತಿಳಿವಿಗೆ ಅಲ್ಲಿ ಕಾರಣ ಸಿಗುತ್ತದೆ: ಒತ್ತಡ ದ್ರವದ ಪ್ರತಿ ಬಿಂದುವಿನಲ್ಲೂ ಇದೆ, ಎಲ್ಲ ದಿಕ್ಕಿಗೂ ಸಮನಾಗಿ ಇದೆ. ಆಟ ಇದರ ಫಲಿತಾಂಶವನ್ನು ಉಳಿಸಿಕೊಂಡು ಕಾರಣವನ್ನು ಕೈಬಿಟ್ಟಿದೆ. ಏಳು ಅಂತಸ್ತಿನ ಆಳದಲ್ಲಿ ನಿಂತ ನೀರಿನ ಚೌಕಕ್ಕೂ ಒಂದು ಅಂತಸ್ತಿನ ಕೊಳದ ಚೌಕಕ್ಕೂ ಯಾವ ಅಂತರವೂ ಇಲ್ಲ. ಎರಡೂ ಬರಿಯ 7. ಆಳದ ತೂಬು ಹೆಚ್ಚು ಗಟ್ಟಿಯಾಗಿರಬೇಕಿಲ್ಲ, ಒಂದು ಸಾಮಾನ್ಯ ಬಾಗಿಲೂ ಇಡೀ ಹೊಳೆಯನ್ನು ತಡೆದು ನಿಲ್ಲಿಸುತ್ತದೆ. ಒಡೆದುಹೋಗುವ ಕಟ್ಟೆ ಈ ಲೋಕದಲ್ಲಿ ಇಲ್ಲ. ಮರೆತು ತೆರೆದಿಟ್ಟ ದಾರಿ ಮಾತ್ರ ಇದೆ. ನಿಜಲೋಕದ ಅಣೆಕಟ್ಟೆಯ ಎಂಜಿನಿಯರ್ ತಳದಲ್ಲಿ ಗೋಡೆಯನ್ನು ದಪ್ಪವಾಗಿಸುತ್ತಾನೆ. ಇಲ್ಲಿಯ ಎಂಜಿನಿಯರ್ ನಕ್ಷೆಯನ್ನು ಮತ್ತೆ ಮತ್ತೆ ಓದುತ್ತಾನೆ, ಯಾವ ಚೌಕ ಯಾವುದನ್ನು ಮುಟ್ಟುತ್ತಿದೆ ಎಂದು.

ಮೂಲೆದಾರಿ

ಈಗ ಮೂಲೆಗೆ ಬರಬಹುದು. ನೀರು ಪಕ್ಕಕ್ಕೆ ಹರಡುವಾಗ ಎಂಟೂ ನೆರೆಚೌಕಗಳಿಗೆ ಹೋಗುತ್ತದೆ, ಮೂಲೆಯದನ್ನೂ ಸೇರಿಸಿ. ಒತ್ತಡದ ಹುಡುಕಾಟ ಮಾತ್ರ ಮೂಲೆಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬದಿ ತಾಗುವ ಚೌಕಗಳಿಗೆ, ಮೇಲಕ್ಕೆ, ಕೆಳಕ್ಕೆ, ಅಷ್ಟೆ. ಒಂದೇ ದಾರಿ ಒಂದು ನಿಯಮಕ್ಕೆ ತೆರೆದಿದೆ, ಇನ್ನೊಂದಕ್ಕೆ ಮುಚ್ಚಿದೆ. ಹಾಗಾಗಿ ಮೂಲೆದಾರಿಯ ಆಚೆಗೆ ದಾಟಿದ ನೀರು ತಾನು ಎಷ್ಟು ಎತ್ತರದಿಂದ ಬಂದದ್ದು ಎಂಬುದರ ಗುರುತನ್ನೆಲ್ಲ ಕಳೆದುಕೊಂಡಿರುತ್ತದೆ. ಆ ಮೂಲೆ ಯಾವ ಅಂತಸ್ತಿನಲ್ಲಿದೆಯೋ ಆ ಅಂತಸ್ತಿನವರೆಗೆ ಮಾತ್ರ ತುಂಬುತ್ತದೆ.

ಬಾವಿಯ ಸಮಸ್ಯೆಗೆ ಇದು ಪೂರ್ಣ ಪರಿಹಾರ. ಆದರೆ ಮೂಲೆಯ ಸ್ಥಾನ ಮುಖ್ಯ. ಮೇಲೆ, ಹೊಳೆಯ ಮಗ್ಗುಲಲ್ಲೇ ಮೂಲೆ ಮಾಡಿ ಅಲ್ಲಿಂದ ಮುಂದೆ ಕೊಳವೆಯನ್ನು ನೇರ ಇಳಿಸಿದರೆ ಫಲವಿಲ್ಲ. ಮೂಲೆ ದಾಟಿದ ನೀರು ಮತ್ತೆ ಬಿದ್ದು, ಬಿದ್ದದ್ದು ಮತ್ತೆ ಹುಡುಕಾಟಕ್ಕೆ ತೊಡಗಿ, ಬಾವಿಯ ಬಾಯಿಂದ ಮೇಲೇರುತ್ತದೆ. ಮೂಲೆ ಇರಬೇಕಾದದ್ದು ಇಳಿತವೆಲ್ಲ ಮುಗಿದ ಮೇಲೆ, ತೊಟ್ಟಿಯ ಹೊಸ್ತಿಲಲ್ಲಿ. ಒತ್ತಡವನ್ನು ಶೇಖರವಾದ ಬಲವೆಂದು ತಿಳಿದವನು ಅದನ್ನು ಮೂಲದಲ್ಲೇ ತಗ್ಗಿಸಲು ಹೊರಡುತ್ತಾನೆ, ಸೋಲುತ್ತಾನೆ. ಅದು ಪ್ರತಿ ಇಳಿತದಲ್ಲೂ ಹೊಸದಾಗಿ ಹುಟ್ಟುವ ಹುಡುಕಾಟವೆಂದು ತಿಳಿದವನು ಕೊನೆಯ ಇಳಿತದ ನಂತರ ಕೈಹಾಕುತ್ತಾನೆ. ಲೇಖನದ ಮೂಲ ವಾದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ನನಗೆ ಕಾಣುವುದಿಲ್ಲ.

ಸುರಕ್ಷತೆಗೆ ಬೆಲೆಯೂ ಇದೆ. ಮೂಲೆ ದಾಟಿದ ನೀರು ನಿಧಾನಿ. ದೊಡ್ಡ ತೊಟ್ಟಿಯನ್ನು, 10×10 ಚೌಕ ಮೂರು ಅಂತಸ್ತು ಎಂದರೆ 2,100 ಘಟಕದ ತೊಟ್ಟಿಯನ್ನು, ಒಂದೇ ಮೂಲೆಯ ಮೂಲಕ ತುಂಬಿಸಲು ಬಹಳ ಕಾಲ ಬೇಕು. ಆದ್ದರಿಂದ ಅನುಭವಿಗಳು ದೂರದ ಸಾಗಣೆಗೆ ಒತ್ತಡದ ಕೊಳವೆಯನ್ನೂ ಕೊನೆಯ ಹೆಜ್ಜೆಗೆ ಮೂಲೆಯನ್ನೂ ಬಳಸುತ್ತಾರೆ. ಅಕ್ಕಪಕ್ಕ ಹಲವು ಮೂಲೆಗಳನ್ನು ಕೊರೆದು ಹರಿವನ್ನು ಹೆಚ್ಚಿಸುತ್ತಾರೆ.

ಇದಕ್ಕೆ ಗಣಕವಿಜ್ಞಾನದ ಚರಿತ್ರೆಯಲ್ಲಿ ಒಂದು ಗಂಭೀರ ಸಮಾಂತರವಿದೆ. ಚೌಕಗಳ ಮೇಲೆ ಸರಳ ನಿಯಮಗಳನ್ನು ಓಡಿಸಿ ದ್ರವದ ನಡೆಯನ್ನು ಪಡೆಯುವ ಯತ್ನ ಹಾರ್ಡಿ, ಪೊಮೊ, ದ ಪಾಜಿ ಅವರ 1973ರ ಮಾದರಿಯಲ್ಲಿ ಕಾಣುತ್ತದೆ. ಅದರಲ್ಲಿ ಕಣಗಳು ಚೌಕಜಾಲರಿಯ ನಾಲ್ಕು ದಿಕ್ಕಿಗೆ ಮಾತ್ರ ಚಲಿಸುತ್ತಿದ್ದವು. ದ್ರವಕ್ಕೆ ದಿಕ್ಕುಗಳ ಭೇದವಿರಬಾರದು. ಆ ಮಾದರಿಯಲ್ಲಿ ಇತ್ತು. ಜಾಲರಿಯ ಗುರುತು ಹರಿವಿನಲ್ಲಿ ಉಳಿದುಬಿಡುತ್ತಿತ್ತು. 1986ರಲ್ಲಿ ಫ್ರಿಶ್, ಹಾಸ್‌ಲಾಕರ್ ಮತ್ತು ಪೊಮೊ ಚೌಕವನ್ನು ಬಿಟ್ಟು ಆರು ದಿಕ್ಕಿನ ಜಾಲರಿಯನ್ನು ಹಿಡಿದಾಗ ನೇವಿಯರ್–ಸ್ಟೋಕ್ಸ್ ಸಮೀಕರಣಗಳಿಗೆ ಒಪ್ಪುವ ಹರಿವು ದಕ್ಕಿತು. ವಿಜ್ಞಾನಿಗಳು ಜಾಲರಿಯ ಗುರುತನ್ನು ಅಳಿಸಲು ಶ್ರಮಿಸಿದರು. ಆಟಗಾರರು ಮಾಡಿದ್ದು ಅದರ ವಿರುದ್ಧವಾದದ್ದು: ಗುರುತು ಎಲ್ಲಿ ಎದ್ದು ಕಾಣುತ್ತದೆಯೋ ಆ ಮೂಲೆಯನ್ನೇ ಕವಾಟವನ್ನಾಗಿ ಮಾಡಿಕೊಂಡರು. ಎರಡೂ ಜಾಲರಿಯ ಸ್ವಭಾವವನ್ನು ಸರಿಯಾಗಿ ತಿಳಿದದ್ದರ ಫಲ. ಟಾರ್ನ್ ಆಡಮ್ಸ್ ಸ್ಟ್ಯಾನ್‌ಫರ್ಡ್‌ನಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದವರು. ಆದರೂ ಮೂಲೆದಾರಿಯ ಉಪಯೋಗವನ್ನು ಹೆಕ್ಕಿ ತೆಗೆದು ವಿದ್ಯೆಯಾಗಿ ಬೆಳೆಸಿದ ಶ್ರೇಯ ಆಡಿದವರಿಗೇ ಸಲ್ಲಬೇಕು.

ತಡ ಮತ್ತು ಶಕ್ತಿ

ದಾರಿಯನ್ನು ಕೊರೆದು ಬಿಟ್ಟರೆ ಅದು ಸ್ಥಿರ. ಬೇಕೆಂದಾಗ ತೆರೆದು ಮುಚ್ಚಲು ತೂಬು, ಬಾಗಿಲು, ನೆಲಗದ, ಎತ್ತುಸೇತುವೆಗಳಿವೆ. ಅವನ್ನು ದೂರದ ಲಿವರ್‌ಗೆ ಜೋಡಿಸಬಹುದು. ಇಲ್ಲಿ ಗಮನಿಸಬೇಕಾದ ಸಂಗತಿ ತಡ. ಲಿವರ್ ಎಳೆದ ಕೂಡಲೇ ಬಾಗಿಲು, ನೆಲಗದ ತೆರೆದುಕೊಳ್ಳುತ್ತವೆ. ತೂಬಿಗೂ ಸೇತುವೆಗೂ 100 ಕ್ಷಣಘಟಕಗಳು ಬೇಕು. ಕೋಟೆಯ ಒಂದು ದಿನಕ್ಕೆ 1,200 ಕ್ಷಣಘಟಕಗಳಾದ್ದರಿಂದ ಇದು ದಿನದ ಹನ್ನೆರಡರಲ್ಲಿ ಒಂದು ಪಾಲು. ಹರಡುವ ನೀರಿಗೆ ಇದು ಅಲ್ಪಕಾಲ. ಒತ್ತಡದ ಕೊಳವೆಗೆ ಇದೇ ದೀರ್ಘಕಾಲ.

ನೀರಿನ ಆಳವನ್ನು ಅರಿಯುವ ಪ್ರೆಶರ್ ಪ್ಲೇಟ್ ಬಂದಾಗ ಮನುಷ್ಯನ ಕೈ ಬೇಕಿಲ್ಲದ ನಿಯಂತ್ರಣ ಸಾಧ್ಯವಾಗುತ್ತದೆ. ಆಳ 0ಯಿಂದ 3ರವರೆಗೆ ಇದ್ದಾಗ ಸಂಕೇತ ಕೊಡುವಂತೆ ಅದನ್ನು ಹೊಂದಿಸಿ ತೂಬಿಗೆ ಜೋಡಿಸಿದರೆ, ನೀರು ಇಳಿದಾಗ ತೂಬು ತೆರೆಯುತ್ತದೆ, 4 ಮುಟ್ಟಿದಾಗ ಮುಚ್ಚಲು ತೊಡಗುತ್ತದೆ. ಆದರೆ ಮುಚ್ಚುವ ಹೊತ್ತಿಗೆ ತಡದ ಅವಧಿಯಷ್ಟು ನೀರು ಒಳಬಂದಿರುತ್ತದೆ. ಮಟ್ಟ ಗುರಿಯನ್ನು ದಾಟಿ ಏರುವುದು, ಮತ್ತೆ ಇಳಿಯುವುದು, ಮತ್ತೆ ಏರುವುದು: ನಿಯಂತ್ರಣ ಶಾಸ್ತ್ರ ಓದಿದವರಿಗೆ ಈ ತೂಗಾಟ ಹೊಸದಲ್ಲ. ಮದ್ದೂ ಅಲ್ಲಿಯದೇ. ಒಂದೋ ತೂಬಿನ ಬದಲು ಬಾಗಿಲು ಬಳಸಿ ತಡವನ್ನು ಕಡಿಮೆ ಮಾಡಬೇಕು, ಇಲ್ಲವೇ ಮೂಲೆದಾರಿ ಇಟ್ಟು ಹರಿವನ್ನೇ ನಿಧಾನಗೊಳಿಸಬೇಕು. ಎರಡನೆಯದೇ ಮೇಲು ಎಂದು ನನ್ನ ಅಭಿಪ್ರಾಯ, ಯಾಕೆಂದರೆ ಬಾಗಿಲಿನ ನಡುವೆ ಒಂದು ಕಲ್ಲುಚೂರು ಬಿದ್ದಿದ್ದರೂ ಅದು ಮುಚ್ಚಿಕೊಳ್ಳಲಾರದು.

ನೀರನ್ನು ಮೇಲೆತ್ತಲು ಸ್ಕ್ರೂ ಪಂಪ್ ಇದೆ, ಆರ್ಕಿಮಿಡೀಸನ ಹೆಸರಿನ ತಿರುಪಿನ ವಂಶದ್ದು. ಒಂದು ಪಂಪು ಒಂದು ಅಂತಸ್ತು ಎತ್ತುತ್ತದೆ, 10 ಘಟಕ ಶಕ್ತಿ ಕೇಳುತ್ತದೆ. ಒಂದರ ಮೇಲೊಂದು ಜೋಡಿಸಿದರೆ ಶಕ್ತಿ ತಾನಾಗಿ ಮೇಲಕ್ಕೆ ಹಾಯುತ್ತದೆ. ನೂರು ಅಂತಸ್ತಿಗೆ 1,000 ಘಟಕ. ಹರಿವ ನೀರಿನ ಮೇಲಿಟ್ಟ ಜಲಚಕ್ರ 100 ಘಟಕ ಕೊಟ್ಟು ತನಗಾಗಿ 10 ಇಟ್ಟುಕೊಳ್ಳುತ್ತದೆ. ನಿವ್ವಳ 90ರ ಲೆಕ್ಕದಲ್ಲಿ ಹನ್ನೆರಡು ಚಕ್ರ ಬೇಕು. ಇದೇ ಲೆಕ್ಕವನ್ನು ತಿರುಗಿಸಿದರೆ ಬೇರೊಂದು ಸಂಗತಿ ಹೊರಬೀಳುತ್ತದೆ. ಚಕ್ರ ಪಂಪನ್ನು ತಿರುಗಿಸಲಿ, ಪಂಪು ಎತ್ತಿದ ನೀರು ಚಕ್ರದಡಿ ಹರಿಯಲಿ: 100ರಲ್ಲಿ ಚಕ್ರಕ್ಕೆ 10, ಪಂಪಿಗೆ 10 ಕಳೆದು 80 ಉಳಿಯುತ್ತದೆ. ಹೊಳೆಯಿಲ್ಲದ ಕಡೆ, ನೆಲದಡಿಯಲ್ಲಿ, ಒಮ್ಮೆ ತುಂಬಿದ ನೀರಿನಿಂದ ಕೊನೆಯಿಲ್ಲದ ಶಕ್ತಿ. ಭಾಸ್ಕರಾಚಾರ್ಯರು 1150ರ ‘ಸಿದ್ಧಾಂತಶಿರೋಮಣಿ’ಯಲ್ಲಿ ಟೊಳ್ಳು ಅರೆಗಳೊಳಗೆ ಪಾದರಸವನ್ನು ಅರ್ಧ ತುಂಬಿದ, ತಾನಾಗಿ ತಿರುಗುವ ಚಕ್ರವನ್ನು ವರ್ಣಿಸಿದ್ದಾರೆ, ಇಂಗ್ಲೆಂಡಿನ ರಾಬರ್ಟ್ ಫ್ಲಡ್ 1618ರಲ್ಲಿ ತಿರುಪಿನಿಂದ ನೀರೆತ್ತಿ ಅದೇ ನೀರಿನಿಂದ ಓಡುವ ಬೀಸುಯಂತ್ರದ ಮಾತನಾಡಿದ. ಶಕ್ತಿಯ ಅವಿನಾಶ ನಿಯಮ ಅವೆರಡನ್ನೂ ನಿಜಲೋಕದಿಂದ ಹೊರಗಟ್ಟಿತು. ಆಟದ ಲೋಕದಲ್ಲಿ ನೀರಿನ ಮೊತ್ತಕ್ಕೆ ಅವಿನಾಶ ನಿಯಮವಿದೆ, ಶಕ್ತಿಗೆ ಇಲ್ಲ. ಎತ್ತರದಿಂದ ಬಿದ್ದ ನೀರು ಏನನ್ನಾದರೂ ಕಳೆದುಕೊಳ್ಳಬೇಕು ಎಂಬ ಲೆಕ್ಕವನ್ನು ಅಲ್ಲಿ ಯಾರೂ ಇಟ್ಟಿಲ್ಲ, ಒತ್ತಡವನ್ನು ಇಟ್ಟಿಲ್ಲದ ಹಾಗೆಯೇ.

ಮ್ಯಾಗ್ಮಾ, ಅಂತರ್ಜಲ, ಪ್ರೊಸೆಸರ್

ಒತ್ತಡವೆಂಬುದು ಹೇರಿದ ನಿಯಮ, ದ್ರವದ ಸಹಜಗುಣವಲ್ಲ ಎಂಬುದಕ್ಕೆ ಆಟದೊಳಗೇ ತಾಳೆ ನೋಡಲು ಎರಡನೆಯ ದ್ರವವಿದೆ. ಮ್ಯಾಗ್ಮಾವನ್ನೂ 0ಯಿಂದ 7ರವರೆಗೇ ಎಣಿಸಲಾಗುತ್ತದೆ, ಅದೂ ಬೀಳುತ್ತದೆ, ನೀರಿಗಿಂತ ನಿಧಾನವಾಗಿ ಹರಡುತ್ತದೆ. ಆದರೆ ತನ್ನ ಭಾರದಿಂದ ಅದು ಹುಡುಕಾಟಕ್ಕೆ ಇಳಿಯುವುದಿಲ್ಲ. ಬಾವಿಯ ಕೊಳವೆಯಂಥದ್ದರಲ್ಲಿ ಸುರಿದರೆ ಆಚೆಯ ಬಾಯಿಂದ ಏರುವುದಿಲ್ಲ. ಅದನ್ನೇ ಸ್ಕ್ರೂ ಪಂಪಿನಿಂದ ತಳ್ಳಿ ನೋಡಿ: ನೀರಿನಂತೆಯೇ ಏರುತ್ತದೆ. ದ್ರವ ಒಂದೇ, ಕೊಳವೆ ಒಂದೇ. ಬದಲಾದದ್ದು ಯಾವ ಲೆಕ್ಕಾಚಾರವನ್ನು ಕರೆಯಲಾಯಿತು ಎಂಬುದು. ಕಮ್ಮಟದ ಒಲೆಗಳಿಗೆ ಆಳದ ಮ್ಯಾಗ್ಮಾವನ್ನು ತರುವವರು ಪಂಪಿನ ಭಾಗ, ತೂಬು, ಅದರ ಒಳಯಂತ್ರ ಎಲ್ಲವನ್ನೂ ಆ ಬಿಸಿಗೆ ಕರಗದ ವಸ್ತುವಿನಿಂದ ಮಾಡಬೇಕು ಎಂಬ ಹೆಚ್ಚುವರಿ ಎಚ್ಚರವೊಂದಿದೆ. ನೀರೂ ಮ್ಯಾಗ್ಮಾವೂ ಕೂಡಿದಲ್ಲಿ ಅಬ್ಸಿಡಿಯನ್ ಬಂಡೆ ಹುಟ್ಟುತ್ತದೆ. ಗೋಡೆ ಕಟ್ಟಲಾಗದ ಹರಿವನ್ನು ಮುಚ್ಚಲು ಇದೂ ಒಂದು ಉಪಾಯ.

ಅಂತರ್ಜಲ ಪದರದ ಕಥೆ ನಿಯಮಕ್ಕೂ ವಿದ್ಯೆಗೂ ಇರುವ ನಂಟನ್ನು ಬೇರೆ ಬಗೆಯಲ್ಲಿ ತೋರುತ್ತದೆ. ಬಹುಕಾಲ ಈ ಪದರವನ್ನು ಸೀಳಿ ಕೆಳಗಿಳಿಯುವುದು ಹೊಸಬರಿಗೆ ದುಸ್ಸಾಧ್ಯವಾಗಿತ್ತು. ಕೊರೆದ ಚೌಕ ಗೋಡೆ ಕಟ್ಟುವಷ್ಟರಲ್ಲಿ ತುಂಬುತ್ತಿತ್ತು. ಪಂಪು ನಡೆಸುತ್ತ ಸಾಲುಸಾಲಾಗಿ ಗೋಡೆ ಕಟ್ಟುವುದು, ಮೇಲಿನ ನೆಲದ ಒಂದು ತುಂಡನ್ನೇ ಕಡಿದು ಪದರದೊಳಗೆ ಕೆಡವಿ ಅದರ ನಡುವೆ ಕೊರೆಯುವುದು ಮುಂತಾದ ವಿಧಾನಗಳು ಆ ಕಷ್ಟದಿಂದಲೇ ಹುಟ್ಟಿದವು. 2020ರ ಜನವರಿಯ ಆವೃತ್ತಿ ಪದರಗಳನ್ನು ತೀವ್ರ ಮತ್ತು ಸೌಮ್ಯ ಎಂದು ವಿಂಗಡಿಸಿತು. ಸೌಮ್ಯ ಪದರದಲ್ಲಿ ನೀರು ತೊಟ್ಟಿಕ್ಕುವಷ್ಟರಲ್ಲಿ ಗೋಡೆ ಎದ್ದಿರುತ್ತದೆ. ಹಳೆಯ ವಿಧಾನಗಳು ಸುಳ್ಳಾಗಲಿಲ್ಲ, ತೀವ್ರ ಪದರಗಳಿಗೆ ಸೀಮಿತವಾದವು. ಸೌಮ್ಯ ಪದರ ಈಗ ಬೆದರಿಕೆಗಿಂತ ಹೆಚ್ಚಾಗಿ ಬತ್ತದ ಮೂಲ: ನಿಧಾನವಾಗಿ ಒಸರುವುದರಿಂದ ಬಾವಿಗೆ ಅದಕ್ಕಿಂತ ಅನುಕೂಲದ ನೀರಿಲ್ಲ.

ಇನ್ನು ಹೆಚ್ಚಾದ ನೀರಿನ ವಿಲೇವಾರಿ. ಕೆರೆಗೆ ಕೋಡಿ ಬೇಕಾದಂತೆ ಇಲ್ಲಿಯ ತೊಟ್ಟಿಗೂ ಹೊರದಾರಿ ಬೇಕು. ಸುರಂಗವನ್ನು ನಕ್ಷೆಯ ಅಂಚಿನವರೆಗೆ ಒಯ್ದು, ಕೊನೆಯ ಬಂಡೆಯನ್ನು ನಯಗೊಳಿಸಿ ಅದರಲ್ಲಿ ಬತೇರಿಯ ಕಂಡಿ ಕೊರೆದರೆ ನೀರು ಲೋಕದಿಂದಲೇ ಹೊರಗೆ ಹೋಗುತ್ತದೆ. ಊಟದ ಹಜಾರದಲ್ಲಿ ಸಣ್ಣ ಜಲಪಾತ ಇಳಿಸಿ ಅದರ ತುಂತುರಿನಿಂದ ಕುಬ್ಜರ ಮನಸ್ಸು ಹಗುರಗೊಳಿಸುವ ರೂಢಿಯಿದೆ; ಅಂಥ ರಚನೆ ಹೊರದಾರಿ ಇಲ್ಲದೆ ನಿಲ್ಲದು.

ಈ ಎಲ್ಲ ರಚನೆಗಳಿಗೂ ಕೊನೆಯ ಮಿತಿ ಆಟದ ಹೊರಗಿದೆ. ಹರಿವ ಪ್ರತಿ ಚೌಕವನ್ನೂ ಕಂಪ್ಯೂಟರು ಮತ್ತೆ ಮತ್ತೆ ಎಣಿಸಬೇಕು. 7ರಲ್ಲಿ ನಿಂತ ತೊಟ್ಟಿ ಅದಕ್ಕೆ ಹೊರೆಯಲ್ಲ. 3ಕ್ಕೂ 4ಕ್ಕೂ ನಡುವೆ ಹೊಯ್ದಾಡುವ ಅಗಲವಾದ ಕಾಲುವೆ ಹೊರೆ. ನೂರು ಪಂಪುಗಳ ಸಾಲು ಆಟದ ವೇಗವನ್ನು ಕುಂಠಿಸಬಲ್ಲದು. ಒತ್ತಡದ ನೀರು ದಾರಿಯನ್ನೆಲ್ಲ ಸವೆಸದೆ ನೇರವಾಗಿ ತುದಿಯಲ್ಲಿ ಪ್ರತ್ಯಕ್ಷವಾಗುವ ನಿಯಮವನ್ನು ಈ ಬೆಳಕಿನಲ್ಲಿ ನೋಡಿದರೆ ಅದರ ಅಗತ್ಯ ತಿಳಿಯುತ್ತದೆ: ಚೌಕದಿಂದ ಚೌಕಕ್ಕೆ ತಳ್ಳುತ್ತ ಹೋದರೆ ಆಗುವ ಎಣಿಕೆಗೆ ಹೋಲಿಸಿದರೆ ಒಂದು ಹುಡುಕಾಟ ಅಗ್ಗ. ಆಟಗಾರರೂ ಈ ಮಿತವ್ಯಯವನ್ನು ಕಲಿತಿದ್ದಾರೆ. ಕಾಲುವೆ ಕಿರಿದಾಗಿರಲಿ, ಇಳಿತ ಒಂದೇ ಕಡೆ ಇರಲಿ, ಕೆಲಸ ಮುಗಿದ ಮೇಲೆ ಮೂಲದ ತೂಬು ಮುಚ್ಚಿರಲಿ ಎಂಬ ಅವರ ನಿಯಮಗಳು ಪ್ರವಾಹದ ಭಯದಿಂದ ಬಂದಷ್ಟೇ ಪ್ರೊಸೆಸರಿನ ದಣಿವಿನಿಂದಲೂ ಬಂದಿವೆ. 2010ರಲ್ಲಿ ಆಟಗಾರನೊಬ್ಬ 672 ಪಂಪುಗಳನ್ನೂ ಸುಮಾರು 8,500 ಯಂತ್ರಭಾಗಗಳನ್ನೂ ಜೋಡಿಸಿ ಕೋಟೆಯೊಳಗೆ ಲೆಕ್ಕ ಮಾಡುವ, ಆದೇಶಗಳನ್ನು ಊಡಿಸಬಹುದಾದ ಗಣಕಯಂತ್ರವನ್ನು ಕಟ್ಟಿದ. ಅದರಲ್ಲಿ ನೀರು ಇದೆ ಅಥವಾ ಇಲ್ಲ ಎಂಬುದೇ ಒಂದು ಅಥವಾ ಸೊನ್ನೆ. ಪಂಪು ಮತ್ತು ಪ್ಲೇಟುಗಳೇ ತರ್ಕದ್ವಾರಗಳು. ನೀರಿಗೆ ಸ್ವಂತ ಬಲವಿಲ್ಲದೆ ಚೌಕ, ದಾರಿ, ನಿಯಮ ಇವಷ್ಟೇ ಇರುವುದರಿಂದಲೇ ಇದು ಸಾಧ್ಯವಾಯಿತು. ಪಾಸ್ಕಲನ ನೀರಿನಿಂದ ಇಷ್ಟು ತಪ್ಪಿಲ್ಲದ ತರ್ಕಯಂತ್ರ ಕಟ್ಟಲು ಸೋರಿಕೆ, ಘರ್ಷಣೆ, ಅಲೆ ಎಲ್ಲದರೊಡನೆ ಹೋರಾಡಬೇಕಾಗುತ್ತಿತ್ತು.